ಗರ್ಭಕೋಶದ ಕ್ಯಾನ್ಸರೂ ಸಂತಾನದ ಆಶೆಯೂ

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆಯೆಂದು ಜನರು ಕರೆಯುವ ಹೆರಿಗೆ ಆಸ್ಪತ್ರೆಯೊಂದುಂಟು. ದಂಡಿನ ಪ್ರಸಿದ್ಧ ವರ್ತಕರೂ ದಾನಶೀಲರೂ ಆಗಿದ್ದ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರನ್ನು ಅದು ಹೊತ್ತಿರುವುದು. ಘೋಷಾ ಎಂದರೆ ಪರದೆ. ಪರಪುರುಷರ ಕಣ್ಣಿಗೆ ಬೀಳದೆ ಮನೆಯೊಳಗೇ ಇರುವ ಸ್ತ್ರೀಯರೂ ಸಂಕೋಚವಿಲ್ಲದೆ ಬಂದು ವೈದ್ಯಸಹಾಯವನ್ನು ಪಡೆಯಲೆಂಬ ಉದ್ದೇಶವು ಆ ಹೆಸರಿನಲ್ಲಿಯೇ ಅಡಗಿದೆ. ಅದೇ ಶಿವಾಜಿನಗರದಲ್ಲಿ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯೂ ಇದೆ. 1862 ರಿಂದ 1870 ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಆಸ್ಪತ್ರೆಯೊಡನೆ, ಸ್ತ್ರೀಯರಿಗಾಗಿ ಏರ್ಪಟ್ಟ ಲೇಡಿ ಕರ್ಜನ್ ಆಸ್ಪತ್ರೆಯು ಸೇರಿಕೊಂಡಿರುವುದು. ಹೀಗೆ ದಂಡಿನ ಪ್ರದೇಶವು ಹೆಂಗಸರ ವೈದ್ಯಕ್ಕೆ ಬಹುಕಾಲದಿಂದ ಹೆಸರಾದುದು.

ಬಟ್ಟೆಯ ಪರದೆಯು ಬಹುಮಟ್ಟಿಗೆ ಸರಿದರೂ ಮಾತಿನ ಪರದೆಯು ಇನ್ನೂ ಇಳಿಬಿದ್ದೇ ಇದೆ. ಸಕ್ಕರೆಯ ಕಾಯಿಲೆಯ ಅಂಕಿಗಳನ್ನು ನಾವು ಬೀದಿಯಲ್ಲಿ ನಿಂತು ಹೇಳಿಕೊಳ್ಳುವೆವು. ಗರ್ಭಕೋಶದ ಕಾಯಿಲೆಯ ಮಾತು ಬಂದಾಗ ಅಡಿಗೆಮನೆಯ ಬಾಗಿಲನ್ನು ಮುಂದೆ ಮಾಡುವೆವು. ಅದರಲ್ಲಿಯೂ ಕ್ಯಾನ್ಸರೆಂಬ ಮಾತು ಸೇರಿಕೊಂಡರೆ, ಗಂಡಸರು ಎದ್ದುಹೋಗುವರು, ಹೆಂಗಸರು ಧ್ವನಿ ತಗ್ಗಿಸುವರು. ಈ ಮೌನದಿಂದ ಆಗುವ ಹಾನಿಯು ಸಾಮಾನ್ಯವಾದುದಲ್ಲವಾದ್ದರಿಂದ, ಗೃಹಸ್ಥರ ಕೈಗೆ ಹೋಗತಕ್ಕ ಈ ಪತ್ರಿಕೆಯಲ್ಲಿ ಆ ವಿಷಯವನ್ನು ಬಿಚ್ಚಿ ಬರೆಯಲು ನಾವು ಧೈರ್ಯಮಾಡಿದ್ದೇವೆ. ಇನ್ನೂ ಮಕ್ಕಳಾಗದ, ಅಥವಾ ಇನ್ನೊಂದು ಮಗುವನ್ನು ಬಯಸುವ ಹೆಣ್ಣಿಗೆ ಗರ್ಭಕೋಶದ ಒಳಪೊರೆಯ ಕ್ಯಾನ್ಸರು ಬಂದರೆ, ಗರ್ಭಕೋಶವನ್ನು ತೆಗೆಸಿಬಿಡುವುದೊಂದೇ ದಾರಿಯೇ, ಇಲ್ಲವೆ ಕೆಲಕಾಲ ಅದನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂಬುದು ಪ್ರಶ್ನೆ.

ವಿಷಯವು ಸುಲಭವಾಗಿ ಮನಸ್ಸಿಗೆ ಹತ್ತಲೆಂದು ಹಲಸೂರಿನಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಸೋಮೇಶ್ವರ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಮನೆ. ಸೊಸೆಗೆ 31 ವರ್ಷ, ಮದುವೆಯಾಗಿ ಆರು ವರ್ಷವಾಗಿದೆ, ಮಕ್ಕಳಿಲ್ಲ. ಹುಡುಗಿಯಾಗಿದ್ದಾಗಿನಿಂದಲೂ ಅವಳಿಗೆ ಮುಟ್ಟು ಕ್ರಮವಾಗಿ ಬಂದುದಿಲ್ಲ. ಎರಡು ತಿಂಗಳು ಬಾರದು, ಮೂರನೆಯ ತಿಂಗಳು ಬಂದರೆ ಹದಿನೈದು ದಿನ ನಿಲ್ಲದು. ಮೈ ಸ್ವಲ್ಪ ದಪ್ಪ. ಯಾರೋ ಒಬ್ಬ ಡಾಕ್ಟರು ಪಿ.ಸಿ.ಓ.ಡಿ. ಎಂದರು. ಅತ್ತೆಯವರು ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಪ್ರದಕ್ಷಿಣೆ ಹಾಕಿಸಿದರು. ಪಕ್ಕದ ಮನೆಯವರು ಶಿವಾಜಿನಗರದ ಸಂತ ಮರಿಯಮ್ಮನ ಗುಡಿಗೆ ಮೊಂಬತ್ತಿ ಹರಸಿಕೊಳ್ಳಲು ಹೇಳಿದರು. ದಂಡಿನಲ್ಲಿ ದೇವರುಗಳಿಗೆ ಮತಭೇದವು ಅಷ್ಟಾಗಿ ಇಲ್ಲ. ರಕ್ತಸ್ರಾವವು ಹೆಚ್ಚಾದಾಗಲೆಲ್ಲ ಅಂಗಡಿಯಿಂದ ಗುಳಿಗೆ ತರಿಸಿ ನುಂಗುವಳು, ನಿಲ್ಲುವುದು. “ಒಂದು ಮಗುವಾದರೆ ಎಲ್ಲ ತಾನಾಗಿಯೇ ಸರಿಹೋಗುತ್ತೆ ಕಣಮ್ಮ” ಎಂದು ಅತ್ತೆಯವರು ಸಮಾಧಾನ ಹೇಳುವರು. ಕೊನೆಗೊಂದು ಸಲ ರಕ್ತಹೀನತೆಯಿಂದ ತಲೆಸುತ್ತಿ ಬಿದ್ದು ಆಸ್ಪತ್ರೆಗೆ ಹೋದಾಗ, ಡಾಕ್ಟರಮ್ಮನವರು ಒಳಪೊರೆಯ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುವರು. ಕ್ಯಾನ್ಸರೆಂದು ವರದಿ ಬರುವುದು.

ಅತ್ತೆಯವರ ಮಾತಿನಲ್ಲಿ ಪ್ರೀತಿಯಿದೆ, ತಿಳಿವಳಿಕೆ ಸಾಲದು. ಅದೇಕೆಂಬುದನ್ನು ನೋಡೋಣ.

ಗರ್ಭಕೋಶದ ಒಳಗಡೆಯ ಪೊರೆಯು ತಿಂಗಳು ತಿಂಗಳೂ ಹೊಸದಾಗಿ ಬೆಳೆದು ತಿಂಗಳು ತಿಂಗಳೂ ಕಳಚಿಹೋಗತಕ್ಕದ್ದು; ಹಬ್ಬಕ್ಕೆಂದು ಅಂಗಳವನ್ನು ಸಾರಿಸಿ ಅಣಿಮಾಡಿ, ಅತಿಥಿ ಬಾರದಿದ್ದರೆ ಗುಡಿಸಿಹಾಕಿ ಮತ್ತೆ ಸಾರಿಸಿದ ಹಾಗೆ. ಪೊರೆಯನ್ನು ಬೆಳೆಸುವುದು ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್ ಎಂಬ ಹಾರ್ಮೋನು. ಬೆಳೆದುದನ್ನು ಹದಕ್ಕೆ ತಂದು, ಇನ್ನು ಸಾಕೆಂದು ತಡೆಯುವುದು ಪ್ರೊಜೆಸ್ಟರೋನ್ ಎಂಬ ಎರಡನೆಯ ಹಾರ್ಮೋನು. ಈ ಎರಡನೆಯದು ಹುಟ್ಟಬೇಕಾದರೆ ಆ ತಿಂಗಳು ಅಂಡವು ಬಲಿತು ಹೊರಬಿದ್ದಿರಬೇಕು. ಅಂಡವು ಹೊರಬೀಳದ ತಿಂಗಳುಗಳಲ್ಲಿ ಬೆಳೆಸುವವನಿದ್ದಾನೆ, ತಡೆಯುವವನಿಲ್ಲ. ಮೈಯ ಕೊಬ್ಬು ತಾನೂ ಈಸ್ಟ್ರೊಜೆನನ್ನು ಹುಟ್ಟಿಸುವುದರಿಂದ ಸ್ಥೂಲಕಾಯದವರಲ್ಲಿ ಈ ತೊಡಕು ಇನ್ನೂ ಹೆಚ್ಚು; ಸಕ್ಕರೆ ಕಾಯಿಲೆಯೂ ಅದರೊಡನೆ ಜೊತೆಗೂಡುವುದುಂಟು. ಹೀಗೆ ವರ್ಷಗಟ್ಟಲೆ ನಡೆದರೆ ಪೊರೆಯು ದಪ್ಪವಾಗಿ, ಅದರ ಕಣಗಳು ಕ್ರಮತಪ್ಪಿ, ಕೆಲವರಲ್ಲಿ ಕ್ಯಾನ್ಸರಾಗಿ ತಿರುಗುವುದು.

ಇದರಿಂದ ಹೊರಡುವ ಸಂಗತಿಯನ್ನು ಓದುಗರು ಗಮನವಿಟ್ಟು ನೋಡಬೇಕು. ಯಾವ ಕಾರಣದಿಂದ ಆ ಸೊಸೆಗೆ ಮಗುವಾಗಲಿಲ್ಲವೋ ಅದೇ ಕಾರಣದಿಂದಲೇ ಕಾಯಿಲೆಯೂ ಬೆಳೆಯಿತು. ಅಂಡವು ಬಿಡುಗಡೆಯಾಗದೆ ಹೋದುದು ಎರಡಕ್ಕೂ ಬೇರು. ಆದುದರಿಂದಲೇ ಎಳೆಯ ವಯಸ್ಸಿನಲ್ಲಿ ಈ ರೋಗಕ್ಕೆ ಸಿಕ್ಕಿದವರಲ್ಲಿ ಮಕ್ಕಳಿಲ್ಲದವರೇ ಹೆಚ್ಚು. ಗರ್ಭಕೋಶವನ್ನು ತೆಗೆಸಬೇಕೆಂಬ ಮಾತು ಯಾರಿಗೆ ಅತ್ಯಂತ ಕಠಿನವೋ ಅವರಿಗೇ ಅದು ಬಂದು ಎರಗುವುದು. ಒಟ್ಟಿನಲ್ಲಿ ಇದು ಮುಟ್ಟು ನಿಂತ ಮೇಲಿನ ವಯಸ್ಸಿನವರ ಕಾಯಿಲೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ 40 ವರ್ಷದೊಳಗಿನವರು 100ಕ್ಕೆ ಸುಮಾರು 5 ಮಂದಿ ಮಾತ್ರ. ಆದರೆ ಆ ಐವರ ಮನೆಗಳಿಗೆ ಈ ಲೆಕ್ಕದಿಂದ ಏನು ಸಮಾಧಾನ?

ನಮ್ಮ ಊರಿನ ಲೆಕ್ಕವೂ ಇದೆ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973 ರಲ್ಲಿ ಸ್ಥಾಪನೆಯಾಯಿತು; ಬೆಂಗಳೂರಿನ ಕ್ಯಾನ್ಸರು ರೋಗಿಗಳ ದಾಖಲೆಯನ್ನು ಅಲ್ಲಿ 1982 ರಿಂದ ಇಡುತ್ತ ಬಂದಿದ್ದಾರೆ. ಮುಂಬಯಿ, ಮದರಾಸುಗಳ ದಾಖಲೆಗಳಂತೆ ದೇಶದ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಗರ್ಭಕೋಶದ ಕೊರಳಿನ ಕ್ಯಾನ್ಸರು ನಗರದಲ್ಲಿ ಇಳಿಯುತ್ತಲೂ, ಗರ್ಭಕೋಶದ ಒಡಲಿನ ಕ್ಯಾನ್ಸರು, ಅಂದರೆ ನಾವು ಈಗ ಹೇಳುತ್ತಿರುವುದು, ಏರುತ್ತಲೂ ಇರುವುದನ್ನು ಆ ದಾಖಲೆ ತೋರಿಸಿದೆ. ಕೊರಳಿನ ಕ್ಯಾನ್ಸರಿಗೂ ಒಡಲಿನ ಕ್ಯಾನ್ಸರಿಗೂ ಕಾರಣವೂ ಬೇರೆ, ಪರೀಕ್ಷೆಯೂ ಬೇರೆ. ಶಿಬಿರಗಳಲ್ಲಿ ಮಾಡುವ ಪ್ಯಾಪ್ ಪರೀಕ್ಷೆಯು ಕೊರಳಿಗೆ ಸಂಬಂಧಿಸಿದುದು. ಅದು ಸರಿಯಾಗಿದೆಯೆಂದು ಕಾಗದ ಬಂದ ಮಾತ್ರಕ್ಕೆ ಒಳಪೊರೆಯೂ ಸರಿಯಾಗಿದೆಯೆಂದು ನಂಬಕೂಡದು. ಒಳಪೊರೆಯ ಸಂಗತಿ ತಿಳಿಯಬೇಕಾದರೆ ಅದರ ಚೂರನ್ನೇ ತೆಗೆದು ನೋಡಬೇಕು.

ಅಂಗಡಿಯ ಗುಳಿಗೆಯ ಮಾತನ್ನು ಮೇಲೆ ಹೇಳಿದೆವಷ್ಟೆ. ಮದುವೆ, ಗೃಹಪ್ರವೇಶ, ಯಾತ್ರೆಗಳ ಸಮಯಕ್ಕೆ ಮುಟ್ಟನ್ನು ಮುಂದಕ್ಕೆ ಹಾಕಲೆಂದು ನಮ್ಮ ಹೆಂಗಸರು ನುಂಗುವ ಗುಳಿಗೆಯೂ ಪ್ರೊಜೆಸ್ಟರೋನಿನ ಜಾತಿಯದೇ. ರಕ್ತವನ್ನು ಅದು ನಿಲ್ಲಿಸಬಲ್ಲುದು. ನಿಂತಿತೆಂದು ಮನೆಯವರು ನಿಶ್ಚಿಂತರಾಗುವರು. ಒಳಗೆ ಏನು ನಡೆಯುತ್ತಿದೆಯೆಂಬುದು ಯಾರಿಗೂ ಕಾಣದು. ಮೂರು ನಾಲ್ಕು ತಿಂಗಳು ಕ್ರಮತಪ್ಪಿದ ಸ್ರಾವವಿದ್ದು, ಮೈ ದಪ್ಪವಾಗಿದ್ದು ಅಥವಾ ಪಿ.ಸಿ.ಓ.ಡಿ. ಇದ್ದು, ಗುಳಿಗೆಗೆ ಬಗ್ಗದೆ ಮತ್ತೆ ಮತ್ತೆ ಬರುತ್ತಿದ್ದರೆ, ವಯಸ್ಸು ಚಿಕ್ಕದೆಂದು ಸುಮ್ಮನಿರದೆ ಬಯಾಪ್ಸಿ ಮಾಡಿಸುವಂತೆ ಕೇಳತಕ್ಕದ್ದು. ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತಡಮಾಡಕೂಡದೆಂಬುದನ್ನು ಮನೆಯ ಹಿರಿಯ ಹೆಂಗಸರಿಗೂ ಇಲ್ಲಿಯೇ ತಿಳಿಸಿಬಿಡುವೆವು.

ಇನ್ನು ಚಿಕಿತ್ಸೆ. ಈ ರೋಗಕ್ಕೆ ವಾಡಿಕೆಯ ಚಿಕಿತ್ಸೆಯೆಂದರೆ ಗರ್ಭಕೋಶವನ್ನೂ, ನಳಿಕೆಗಳನ್ನೂ, ಸಾಮಾನ್ಯವಾಗಿ ಅಂಡಾಶಯಗಳನ್ನೂ ತೆಗೆದುಹಾಕುವುದು. ಅದು ಒಳ್ಳೆಯ ಚಿಕಿತ್ಸೆ. ರೋಗವು ಗರ್ಭಕೋಶದೊಳಗೇ ಇರುವಾಗ ಶಸ್ತ್ರಕ್ರಿಯೆಯಾದರೆ 100ಕ್ಕೆ 90ಕ್ಕೂ ಮೇಲ್ಪಟ್ಟು ಸ್ತ್ರೀಯರು ಐದು ವರ್ಷಗಳಾಚೆಗೂ ಬದುಕಿರುವರು. ಮುಂದೆ ಹೇಳಲಿರುವ ಎರಡನೆಯ ದಾರಿಯನ್ನು ಈ ಮಾತಿನ ಎದುರಿಗೆ ಇಟ್ಟು ತೂಗಬೇಕು. ಮಕ್ಕಳಾಗಿ ಸಂಸಾರ ತುಂಬಿದವರಿಗೆ ಎರಡನೆಯ ದಾರಿಯ ಗೊಡವೆಯೇ ಬೇಡ.

ಆ ದಾರಿ ತೆರೆದುದು ಹೀಗೆ. ಪ್ರೊಜೆಸ್ಟರೋನು ಪೊರೆಯ ಬೆಳೆವಣಿಗೆಯನ್ನು ತಡೆಯುವುದಾದರೆ ಪೊರೆಯ ಕ್ಯಾನ್ಸರನ್ನೂ ತಡೆಯಲಾರದೇ ಎಂದು ವೈದ್ಯರಿಗೆ ತೋರಿತು. 1961 ರಲ್ಲಿ ಅಮೆರಿಕದ ಕೆಲ್ಲಿ ಮತ್ತು ಬೇಕರ್ ಎಂಬಿಬ್ಬರು ವೈದ್ಯರು, ರೋಗವು ದೇಹದ ಬೇರೆಡೆಗೆ ಹರಡಿ ಕೈಮೀರಿದ್ದ ಸ್ತ್ರೀಯರಿಗೆ ಆ ಜಾತಿಯ ಔಷಧವನ್ನು ಕೊಟ್ಟು, ಕೆಲವರಲ್ಲಿ ಗಂಟುಗಳು ಕರಗಿದುದನ್ನು ಪ್ರಕಟಿಸಿದರು. ಹರಡಿದ ರೋಗವೇ ಅಷ್ಟುಮಟ್ಟಿಗೆ ಬಗ್ಗುವುದಾದರೆ ಇನ್ನೂ ಮೊಳಕೆಯಲ್ಲಿರುವುದು ಬಗ್ಗದೆ ಇದ್ದೀತೆ? ಹೀಗೆ ಮಕ್ಕಳನ್ನು ಬಯಸುವ ಎಳೆಯ ಹೆಂಗಸರಲ್ಲಿ, ಶಸ್ತ್ರಕ್ರಿಯೆಯನ್ನು ಮುಂದೂಡಿ ಔಷಧ ಕೊಟ್ಟು ನೋಡುವ ಪದ್ಧತಿಯು ನಿಧಾನವಾಗಿ ಬೆಳೆದುಬಂದಿತು. ಯೂರೋಪಿನ ವೈದ್ಯಸಂಘಗಳು 2023 ರಲ್ಲಿ ಇದಕ್ಕಾಗಿಯೇ ನಿಯಮಾವಳಿಯನ್ನು ಹೊರಡಿಸಿವೆ.

ಯಾರಿಗೆ ಇದು ಸಲ್ಲುವುದು? ಇಲ್ಲಿ ಕಟ್ಟುನಿಟ್ಟು ಬಹಳ, ಇರಲೇಬೇಕು. ಕ್ಯಾನ್ಸರು ಒಳಪೊರೆಯಲ್ಲಿಯೇ ಹುಟ್ಟುವ ಸಾಮಾನ್ಯ ಜಾತಿಯದಾಗಿರಬೇಕು. ಅದರಲ್ಲಿಯೂ ಒಂದನೆಯ ದರ್ಜೆಯದು, ಅಂದರೆ ಅತಿ ಸೌಮ್ಯವಾದುದು, ಆಗಿರಬೇಕು. ಎಂ.ಆರ್.ಐ. ಪರೀಕ್ಷೆಯಲ್ಲಿ ಅದು ಗರ್ಭಕೋಶದ ಮಾಂಸದ ಗೋಡೆಗೆ ಇಳಿದಿರಕೂಡದು. ಅಂಡಾಶಯದಲ್ಲಾಗಲಿ ಗ್ರಂಥಿಗಳಲ್ಲಾಗಲಿ ಸಂಶಯ ಹುಟ್ಟಿಸುವ ಯಾವುದೂ ಇರಕೂಡದು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವುಳ್ಳವರಿಗೂ, ಸ್ತನದ ಕ್ಯಾನ್ಸರಾದವರಿಗೂ ಈ ಔಷಧ ಸಲ್ಲದು. ಈಚೆಗೆ ಕ್ಯಾನ್ಸರಿನ ಕಣಗಳಲ್ಲಿರುವ ಕೆಲವು ಪ್ರೋಟೀನುಗಳನ್ನೂ ಪರೀಕ್ಷಿಸುವರು. ಮೇಲಕ್ಕೆ ಸಾಧುವಾಗಿ ಕಂಡರೂ ಒಳಗೆ ಕ್ರೂರವಾದ ಜಾತಿಯನ್ನು ಇದರಿಂದ ಗುರುತಿಸಲಾಗುವುದು, ಅಂಥದಕ್ಕೆ ಕಾಯುವುದು ಅಪಾಯ. ಕ್ಯಾನ್ಸರಿಗೆ ಹಿಂದಿನ ಮೆಟ್ಟಿಲಾದ, ಕಣಗಳು ವಿಕಾರಗೊಂಡ ಪೊರೆದಪ್ಪಕ್ಕೂ ಇದೇ ಚಿಕಿತ್ಸೆ. ಆದರೆ ಆ ಮೆಟ್ಟಿಲೆಂದು ಬಯಾಪ್ಸಿಯಲ್ಲಿ ಬಂದವರ ಗರ್ಭಕೋಶವನ್ನು ತೆಗೆದು ನೋಡಿದಾಗ, 100ಕ್ಕೆ ಸುಮಾರು 40 ಮಂದಿಯಲ್ಲಿ ಕ್ಯಾನ್ಸರೇ ಸೇರಿಕೊಂಡಿದ್ದುದು ಅಮೆರಿಕದಲ್ಲಿ 2006 ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿ ಕಂಡಿತು. ಆದುದರಿಂದ “ಇನ್ನೂ ಕ್ಯಾನ್ಸರಾಗಿಲ್ಲ” ಎಂಬ ವರದಿಯನ್ನು ಮಡಿಸಿ ಬೀರುವಿನಲ್ಲಿಡುವುದು ಸರಿಯಲ್ಲ.

ಇಷ್ಟೆಲ್ಲ ನಿಂತಿರುವುದು ಸೂಕ್ಷ್ಮದರ್ಶಕದ ಕೆಳಗೆ ಆ ಚೂರನ್ನು ನೋಡಿದವರ ಕಣ್ಣಿನ ಮೇಲೆ. ದರ್ಜೆ ಒಂದೋ ಎರಡೋ ಎಂಬಲ್ಲಿ ಬಲ್ಲವರಿಗೂ ಅಭಿಪ್ರಾಯಭೇದ ಬರುವುದುಂಟು. ಚೂರನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹಚ್ಚಿರುವರು. ಆ ಗಾಜನ್ನೂ ಮೇಣದ ಅಚ್ಚನ್ನೂ ಕೇಳಿ ಪಡೆದು, ಸ್ತ್ರೀರೋಗದ ಕ್ಯಾನ್ಸರುಗಳನ್ನು ದಿನವೂ ನೋಡುವ ಮತ್ತೊಬ್ಬರಿಗೆ ತೋರಿಸಬಹುದು. ಇದರಿಂದ ಮೊದಲಿನ ಡಾಕ್ಟರಿಗೆ ಅವಮಾನವಾಗುವುದೆಂದು ನಮ್ಮ ಜನ ಹಿಂಜರಿಯುವರು; ಒಳ್ಳೆಯ ಡಾಕ್ಟರು ತಾವೇ ಮುಂದಾಗಿ ಕಳುಹಿಸುವರು. ಕೆ.ಆರ್. ಪುರದಿಂದಲೋ ಇಂದಿರಾನಗರದಿಂದಲೋ ಹೊರಡುವವರಿಗೆ ಈಗ ಪ್ರಯಾಣದ ನೆಪವೂ ಇಲ್ಲ. 2011 ರಲ್ಲಿ ಬೈಯಪ್ಪನಹಳ್ಳಿಯಿಂದ ಆರಂಭವಾದ ಮೆಟ್ರೋ ರೈಲು 2023 ರಲ್ಲಿ ಕೆ.ಆರ್. ಪುರವನ್ನೂ ಸೇರಿಸಿಕೊಂಡಿದೆ.

ಚಿಕಿತ್ಸೆಯ ಕ್ರಮ ಹೀಗೆ. ದುರ್ಬೀನಿನಂಥ ಸಣ್ಣ ನಳಿಕೆಯನ್ನು ಒಳಕ್ಕೆ ಬಿಟ್ಟು ನೋಡಿ, ಕೆಟ್ಟ ಭಾಗವನ್ನು ಕೆತ್ತಿ ತೆಗೆಯುವುದುಂಟು. ಆಮೇಲೆ ಮೆಜೆಸ್ಟ್ರಾಲ್ ಅಥವಾ ಮೆಡ್ರಾಕ್ಸಿಪ್ರೊಜೆಸ್ಟರೋನ್ ಎಂಬ ಗುಳಿಗೆಗಳನ್ನು ಪ್ರತಿದಿನವೂ ಕೊಡುವರು. ಪ್ರಮಾಣವು ಮುಟ್ಟು ಮುಂದೂಡುವ ಗುಳಿಗೆಯದಕ್ಕಿಂತ ಬಹುಪಾಲು ಹೆಚ್ಚಾದುದರಿಂದ ಸ್ವಂತವಾಗಿ ತಂದು ನುಂಗತಕ್ಕದ್ದಲ್ಲ. ಇಲ್ಲವೆ ಅದೇ ಜಾತಿಯ ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಒಸರಿಸುವ ವಂಕಿಯನ್ನು ಗರ್ಭಕೋಶದಲ್ಲಿಯೇ ಇಡುವರು. ಎರಡನ್ನೂ ಜೊತೆಯಾಗಿ ಕೊಡುವುದೂ ಉಂಟು. ವಂಕಿಯೆಂದರೆ ಮಕ್ಕಳಾಗದಿರಲೆಂದು ಹಾಕುವ ವಸ್ತುವೆಂದೇ ನಮ್ಮ ಹೆಂಗಸರು ಬಲ್ಲರು. ಮಗುವಿಗಾಗಿ ಹಂಬಲಿಸುವವಳಿಗೆ ಡಾಕ್ಟರು ವಂಕಿ ಹಾಕಿದರೆಂದು ಕೇಳಿ ಅತ್ತೆಯವರು ಗಾಬರಿಯಾಗುವುದು ಸಹಜವೇ. ಅದನ್ನು ಮೊದಲೇ ತಿಳಿಯಹೇಳಬೇಕು.

ಮೂರು ತಿಂಗಳಿಗೊಮ್ಮೆ, ಹೆಚ್ಚೆಂದರೆ ಆರು ತಿಂಗಳಿಗೊಮ್ಮೆ, ಮತ್ತೆ ಚೂರು ತೆಗೆದು ನೋಡಲೇಬೇಕು. ಈ ಚಿಕಿತ್ಸೆಯ ಜೀವವೆಲ್ಲ ಈ ಪರೀಕ್ಷೆಯಲ್ಲಿದೆ. ಸ್ರಾವ ನಿಂತಿತು, ಮೈ ಹಗುರವಾಯಿತು, ಆದ್ದರಿಂದ ಗುಣವಾಯಿತು ಎಂದು ಪರೀಕ್ಷೆ ತಪ್ಪಿಸಿಕೊಂಡವರು ಕತ್ತಲಲ್ಲಿ ನಡೆದಂತೆ. ಆರು ತಿಂಗಳಿಂದ ಒಂದು ವರ್ಷದೊಳಗೆ ರೋಗವು ಪೂರ್ತಿಯಾಗಿ ಮಾಯಬೇಕು. ಮಾಯದಿದ್ದರೆ, ಅಥವಾ ನಡುವೆ ಗೋಡೆಗೆ ಇಳಿದುದು ಕಂಡರೆ, ಗರ್ಭಕೋಶವನ್ನು ತೆಗೆಸಬೇಕು. ಆಗ “ಇನ್ನಾರು ತಿಂಗಳು ನೋಡೋಣ” ಎಂಬ ಮಾತಿಗೆ ಎಡೆಗೊಡಬಾರದು. ಔಷಧದಿಂದ ಹಸಿವು ಹೆಚ್ಚುವುದು, ಮೈ ಊದುವುದು, ಮನಸ್ಸು ಕುಗ್ಗುವುದು ಉಂಟು. ತೂಕ ಇಳಿಸಬೇಕಾದ ಕಾಲದಲ್ಲಿಯೇ ಹಸಿವು ಹೆಚ್ಚುವುದು ಒಂದು ವಿಚಿತ್ರ ಸಂಕಟ. ತೂಕ ಇಳಿಸಿದವರಲ್ಲಿ ಔಷಧವೂ ಹೆಚ್ಚು ಹತ್ತುವುದು, ಅಂಡವೂ ಕ್ರಮಕ್ಕೆ ಬರುವುದು; ಆದುದರಿಂದ ಇಡೀ ಮನೆಯ ಅಡಿಗೆಯೇ ಬದಲಾಗಬೇಕಲ್ಲದೆ, ಎಲ್ಲರೂ ಕರಿದ ತಿಂಡಿ ತಿನ್ನುತ್ತಿರುವಾಗ ಸೊಸೆಯೊಬ್ಬಳ ಮುಂದೆ ಸೌತೆಕಾಯಿಯನ್ನಿಡುವುದು ನ್ಯಾಯವಲ್ಲ.

ಫಲವೆಷ್ಟು? 2012 ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಅದುವರೆಗಿನ 34 ಅಧ್ಯಯನಗಳನ್ನು ಕೂಡಿಸಿ ನೋಡಿತು. ಕ್ಯಾನ್ಸರಾಗಿದ್ದ 408 ಸ್ತ್ರೀಯರ ಲೆಕ್ಕ ಅದರಲ್ಲಿದೆ. 100ಕ್ಕೆ 76 ಮಂದಿಯಲ್ಲಿ ರೋಗವು ಮಾಯಿತು. ಆದರೆ 100ಕ್ಕೆ ಸುಮಾರು 40ರ ಲೆಕ್ಕದಲ್ಲಿ ಅದು ಮತ್ತೆ ಮರಳಿತು. ಜೀವಂತ ಮಗುವನ್ನು ಪಡೆದವರು 100ಕ್ಕೆ 28. ಪೊರೆದಪ್ಪದವರನ್ನೂ ಸೇರಿಸಿದ ಆ ಒಟ್ಟು ಗುಂಪಿನಲ್ಲಿ 20 ಮಂದಿಗೆ ಅಂಡಾಶಯದಲ್ಲಿಯೂ ಕ್ಯಾನ್ಸರು ಕಂಡುಬಂದಿತು. 10 ಮಂದಿಯಲ್ಲಿ ರೋಗವು ಮೊದಲನೆಯ ಹಂತವನ್ನು ದಾಟಿತು. ಅವರಲ್ಲಿ ಇಬ್ಬರು ತೀರಿಕೊಂಡರು. ಈ ಅಂಕಿಗಳನ್ನು ಆಶೆಯ ಕಡೆಯಿಂದಲೂ ಓದಬಹುದು, ಭಯದ ಕಡೆಯಿಂದಲೂ ಓದಬಹುದು. ನಮಗೆ ತೋರುವ ಮಟ್ಟಿಗೆ, ಇದು ರೋಗದಿಂದ ಬಿಡುಗಡೆಯಲ್ಲ. ಸಾಲವಾಗಿ ದೊರೆತ ಕಾಲ. ಸಾಲ ತಂದ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಕೂರುವುದು ಹೇಗೆ ತಿಳಿಗೇಡಿತನವೋ, ರೋಗ ಮಾಯಿತೆಂದ ಮೇಲೆ ಒಳ್ಳೆಯ ಮುಹೂರ್ತಕ್ಕಾಗಿ ಎರಡು ವರ್ಷ ಕಾಯುವುದೂ ಹಾಗೆಯೇ.

ಆದುದರಿಂದ ಪೊರೆಯು ಶುದ್ಧವೆಂದು ಪರೀಕ್ಷೆಯಲ್ಲಿ ತಿಳಿದ ಕೂಡಲೇ ಗರ್ಭಧಾರಣೆಗೆ ಪ್ರಯತ್ನಿಸಬೇಕೆಂದು ವೈದ್ಯರು ಹೇಳುವರು. ಅಂಡವೇ ಸರಿಯಾಗಿ ಬಿಡದವಳಿಗೆ ತಾನಾಗಿ ಗರ್ಭನಿಲ್ಲಲೆಂದು ಬಹುಕಾಲ ಕಾಯದೆ, ಬಂಜೆತನದ ಚಿಕಿತ್ಸೆಯವರ ಸಹಾಯವನ್ನು ಮೊದಲಿನಿಂದಲೇ ಪಡೆಯುವುದು ಲೇಸು. ಪ್ರನಾಳದಲ್ಲಿ ಭ್ರೂಣವನ್ನು ಬೆಳೆಸಿ ಗರ್ಭಕೋಶದಲ್ಲಿಡುವ ವಿದ್ಯೆಯು ಈಗ ಹೊಸದಲ್ಲ. 1978 ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಮೊದಲ ಶಿಶು ಹುಟ್ಟಿದ ಕೆಲವೇ ವಾರಗಳಲ್ಲಿ ಕಲ್ಕತ್ತೆಯಲ್ಲಿಯೂ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣು ಮಗು ಹುಟ್ಟಿತು. ಅಂಡಗಳನ್ನು ಹೆಚ್ಚಾಗಿ ಬಲಿಸುವ ಚುಚ್ಚುಮದ್ದಿನಿಂದ ಈಸ್ಟ್ರೊಜೆನ್ ಏರುವುದಾದ್ದರಿಂದ, ಅದನ್ನು ತಗ್ಗಿಸುವ ಲೆಟ್ರೊಜೋಲ್ ಎಂಬ ಗುಳಿಗೆಯನ್ನು ಜೊತೆಗೆ ಕೊಡುವುದು ರೂಢಿಯಲ್ಲಿದೆ. ಖರ್ಚು ಮಾತ್ರ ಲಕ್ಷದ ಲೆಕ್ಕದ್ದು. ಒಂದು ಸುತ್ತಿನಲ್ಲಿ ಫಲಿಸುವುದೆಂಬ ಭರವಸೆಯೂ ಇಲ್ಲ. ಗರ್ಭ ನಿಲ್ಲಲು ತಡವಾಗುವ ಪಕ್ಷದಲ್ಲಿ ನಡುವೆ ವಂಕಿಯನ್ನು ಮತ್ತೆ ಹಾಕಿಸಿಕೊಂಡು ಪೊರೆಯನ್ನು ಕಾಪಾಡಬೇಕು. ಮಗುವಾದ ಮೇಲೆ, ಇನ್ನು ಸಾಕೆಂದು ತೀರ್ಮಾನವಾದ ಮೇಲೆ, ಗರ್ಭಕೋಶವನ್ನು ತೆಗೆಸಿಬಿಡುವುದೇ ಕ್ಷೇಮ. ಮಗುವನ್ನು ಎತ್ತಿಕೊಂಡ ಸಂತೋಷದಲ್ಲಿ ಈ ಕಡೆಯ ಮಾತನ್ನು ಮನೆಯವರು ಮರೆಯುವುದು ಸುಲಭ.

ದರ್ಜೆ ಮೀರಿದವರಿಗೂ, ಔಷಧ ಹತ್ತದವರಿಗೂ ಏನು ಗತಿ? ಅಲ್ಲಿಯೂ ಎಲ್ಲ ಬಾಗಿಲುಗಳೂ ಮುಚ್ಚಿಹೋಗಿಲ್ಲ. ರೋಗವು ಸೌಮ್ಯವಾಗಿದ್ದು ಅಂಡಾಶಯಗಳು ಶುದ್ಧವಾಗಿ ಕಂಡರೆ, ಎಳೆಯ ವಯಸ್ಸಿನವರಲ್ಲಿ ಗರ್ಭಕೋಶವನ್ನು ಮಾತ್ರ ತೆಗೆದು ಅಂಡಾಶಯಗಳನ್ನು ಉಳಿಸುವುದುಂಟು. 30 ವರ್ಷಕ್ಕೇ ಮುಟ್ಟು ನಿಂತವರ ಬಾಧೆಗಳು, ಮೂಳೆಯ ಸವೆತ, ಇವು ಇದರಿಂದ ತಪ್ಪುವುವು. ಕುಟುಂಬದಲ್ಲಿ ಹಲವರಿಗೆ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರಾಗಿದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು, ಏಕೆಂದರೆ ಆಗ ಅಂಡಾಶಯವನ್ನು ಉಳಿಸುವ ಯೋಚನೆಯೇ ಬದಲಾಗುವುದು. 1895 ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ, ವಾರ್ತಿನ್ ಎಂಬ ವೈದ್ಯರಿಗೆ ಅವರ ಮನೆಯ ಬಟ್ಟೆ ಹೊಲಿಯುವಾಕೆಯು, ತನ್ನವರೆಲ್ಲ ಹೊಟ್ಟೆಯ, ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತರೆಂದೂ ತಾನೂ ಹಾಗೆಯೇ ಸಾಯುವೆನೆಂದೂ ಹೇಳಿದಳು. ಹಾಗೆಯೇ ಆಯಿತು. ಆಕೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳದೆ ವಾರ್ತಿನ್ನರು ಆ ವಂಶವನ್ನು ವಿಚಾರಿಸಿ 1913 ರಲ್ಲಿ ಪ್ರಕಟಿಸಿದುದರಿಂದಲೇ, ಈಗ ಲಿಂಚ್ ಎಂಬುವರ ಹೆಸರಿನಿಂದ ಕರೆಯುವ ವಂಶಪಾರಂಪರ್ಯದ ದೋಷವು ಬೆಳಕಿಗೆ ಬರಲು ಮೊದಲಾಯಿತು. ಹೊಲಿಯುವ ಹೆಂಗಸಿಗೆ ಗೊತ್ತಿದ್ದುದು ವೈದ್ಯಶಾಸ್ತ್ರಕ್ಕೆ ಗೊತ್ತಿರಲಿಲ್ಲ!

ಉಳಿದ ಅಂಡಾಶಯದಿಂದ ಅಂಡಗಳನ್ನು ಪಡೆದು, ಅಥವಾ ಶಸ್ತ್ರಕ್ರಿಯೆಗೆ ಮೊದಲೇ ಅಂಡವನ್ನೋ ಭ್ರೂಣವನ್ನೋ ಹಿಮಗಟ್ಟಿಸಿಟ್ಟು, ಬೇರೊಬ್ಬ ತಾಯಿಯ ಒಡಲಲ್ಲಿ ಮಗುವನ್ನು ಬೆಳೆಸಬಹುದು. ಭಾರತ ಸರ್ಕಾರವು 2021 ರಲ್ಲಿ ಇದಕ್ಕಾಗಿ ಎರಡು ಕಾಯಿದೆಗಳನ್ನು ಮಾಡಿದೆ. ಬಾಡಿಗೆ ತಾಯ್ತನವನ್ನು ಹಣಕ್ಕಾಗಿ ನಡೆಸಕೂಡದು. ವೈದ್ಯಖರ್ಚು ಮತ್ತು ವಿಮೆಯ ವಿನಾ ಏನನ್ನೂ ಕೊಡಕೂಡದು. ಒಡಲನ್ನು ಕೊಡುವಾಕೆಗೆ 25 ರಿಂದ 35 ವರ್ಷ ವಯಸ್ಸಾಗಿದ್ದು, ಮದುವೆಯಾಗಿದ್ದು, ಸ್ವಂತ ಮಗುವಿರಬೇಕು. ಜೀವಮಾನದಲ್ಲಿ ಒಂದೇ ಸಲ. ಸ್ತ್ರೀರೋಗದ ಕ್ಯಾನ್ಸರಿನಿಂದ ಗರ್ಭಕೋಶವನ್ನು ತೆಗೆಸಿಕೊಂಡವರಿಗೆ ಇದಕ್ಕೆ ಅರ್ಹತೆಯುಂಟೆಂದು 2022 ರ ನಿಯಮಗಳು ಹೆಸರೆತ್ತಿಯೇ ಹೇಳಿವೆ. ದಂಪತಿಗಳಲ್ಲದೆ, 35 ರಿಂದ 45 ವರ್ಷದ ವಿಧವೆಯರೂ ವಿಚ್ಛೇದನ ಪಡೆದವರೂ ಅರ್ಹರು. ಮದುವೆಯಾಗದ ಹೆಣ್ಣಿಗೆ ಈ ಕಾಯಿದೆಯಲ್ಲಿ ಎಡೆಯಿಲ್ಲ. ಅವಳು ತನ್ನ ಅಂಡವನ್ನು ಹಿಮಗಟ್ಟಿಸಿಡಬಹುದು. ಗರ್ಭಕೋಶ ಹೋದ ಮೇಲೆ, ಮದುವೆಯಾಗದೆ ಅದನ್ನು ಉಪಯೋಗಿಸಲಾರಳು. ಗಂಡನಿಂದ ಬಿಡುಗಡೆ ಪಡೆದವಳಿಗೆ ಸಲ್ಲುವುದು, ಗಂಡನನ್ನೇ ಮಾಡಿಕೊಳ್ಳದವಳಿಗೆ ಏಕೆ ಸಲ್ಲದೆಂಬುದು ನಮ್ಮ ಬುದ್ಧಿಗೆ ನಿಲುಕದು.

ಕೊನೆಯದಾಗಿ, ತೀರ್ಮಾನ ಮಾಡತಕ್ಕವರು ಯಾರು ಎಂಬ ವಿಷಯ. ದಂಡಿನ ಆಸ್ಪತ್ರೆಗಳ ಜಗಲಿಯಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುವುವು, ವರದಿಯು ಇಂಗ್ಲಿಷಿನಲ್ಲಿರುವುದು. ಡಾಕ್ಟರು ಗಂಡನಿಗೆ ಇಂಗ್ಲಿಷಿನಲ್ಲಿ ಹೇಳುವರು, ಗಂಡನು ತನ್ನ ತಾಯಿಗೆ ಮನೆಯ ಮಾತಿನಲ್ಲಿ ಹೇಳುವನು, ಸೊಸೆಗೆ ಉಳಿದಷ್ಟು ತಲುಪುವುದು. ಕೆಲವು ಮನೆಗಳಲ್ಲಿ ಹೆದರಿಕೆಯಿಂದ “ತೆಗೆದುಬಿಡಿ” ಎನ್ನುವರು, ಬೇರೆ ದಾರಿಯುಂಟೆಂದು ಅವಳಿಗೆ ಗೊತ್ತಾಗುವುದೇ ಇಲ್ಲ. ಕೆಲವು ಮನೆಗಳಲ್ಲಿ ವಂಶೋದ್ಧಾರದ ಆಶೆಯಿಂದ “ತೆಗೆಯಬೇಡಿ” ಎನ್ನುವರು, ಅವಳ ಪ್ರಾಣಕ್ಕೆ ಎಷ್ಟು ಅಪಾಯವೆಂದು ಅವಳಿಗೇ ಹೇಳುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕ್ರೂರವೆಂದು ನಾವು ಹೇಳಲಾರೆವು.

ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೆಹಲಿಯಲ್ಲಿ 1995 ರಲ್ಲಿ, ಅತಿಸ್ರಾವದಿಂದ ಬಳಲುತ್ತಿದ್ದ 44 ವರ್ಷದ ಅವಿವಾಹಿತೆಯೊಬ್ಬಳು ಬರಿಯ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟು ಮಲಗಿದಳು. ಅವಳು ಎಚ್ಚರತಪ್ಪಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಅವಳಿಗಿದ್ದುದು ಕ್ಯಾನ್ಸರೂ ಅಲ್ಲ. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದ ವರೆಗೂ ಹೋಯಿತು. ಪ್ರಾಪ್ತವಯಸ್ಸಿನ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಬದಲಿಗೆ ತಾಯಿಯ ಒಪ್ಪಿಗೆ ಸಲ್ಲದೆಂದೂ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಅಂಗವನ್ನು ತೆಗೆಯುವುದಕ್ಕೆ ಒಪ್ಪಿಗೆಯಾಗದೆಂದೂ 2008 ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ತಾಯಿಗೆ ಹೇಳಿದ್ದು ಅತ್ತೆಗೂ ಗಂಡನಿಗೂ ಅನ್ವಯಿಸುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಲಸೂರಿನ ಆ ಮನೆಯವರು ವರದಿಯ ಕಟ್ಟನ್ನು ಹಿಡಿದು ಡಾಕ್ಟರಮ್ಮನವರ ಬಳಿಗೆ ಹೋಗುವಾಗ ಅತ್ತೆಯವರೂ ಗಂಡನೂ ಖಂಡಿತ ಜೊತೆಯಲ್ಲಿರಲಿ. ಅಂಥ ದಿನ ಒಬ್ಬಳೇ ಹೋಗತಕ್ಕದ್ದಲ್ಲ. ದರ್ಜೆ ಯಾವುದು, ಎಂ.ಆರ್.ಐ. ಏನು ಹೇಳುವುದು, ಮುಂದಿನ ಬಯಾಪ್ಸಿ ಯಾವ ತಿಂಗಳು, ಯಾವ ದಿನದೊಳಗೆ ಮಾಯದಿದ್ದರೆ ಶಸ್ತ್ರಕ್ರಿಯೆ, ಎಂಬಿಷ್ಟನ್ನು ಒಂದು ಚೀಟಿಯಲ್ಲಿ ಅವಳು ಓದಬಲ್ಲ ಭಾಷೆಯಲ್ಲಿ ಬರೆಸಿಕೊಳ್ಳಲಿ. ಆಮೇಲೆ ಒಂದು ಹತ್ತು ನಿಮಿಷ ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕುಳಿತಿದ್ದು, ಒಳಗೆ ಅವಳೂ ಡಾಕ್ಟರಮ್ಮನವರೂ ಮಾತ್ರ ಮಾತನಾಡಲು ಬಿಡಲಿ.